ಬುಧವಾರದ ಕತ್ತಿ

ಗುಮಾಸ್ತರ ಬಳಿ ಬುಧವಾರವೊಂದು ಇರಲಿಲ್ಲ. ಸೋಮವಾರ, ಮಂಗಳವಾರ ಇದ್ದವು. ಗುರುವಾರದಿಂದ ಭಾನುವಾರದವರೆಗೂ ಇದ್ದವು. ದಿನಕ್ಕೊಂದರಂತೆ ವಾರಕ್ಕೆ ಏಳು ಕ್ಷೌರದ ಕತ್ತಿ, ಒಂದೊಂದರ ಬೆನ್ನ ಮೇಲೂ ಆಯಾ ವಾರದ ಹೆಸರು ಕೊರೆದಿದ್ದ ಆ ಹಳೇ ಕಾಲದ ಪೆಟ್ಟಿಗೆಯಲ್ಲಿ ಮೂರನೆಯ ಗೂಡು ಮಾತ್ರ ಖಾಲಿ. ದಂತದ ಹಿಡಿಯದು, ಕೊಂಬಿನ ಹಿಡಿಯದು ಅಂತ ಮಡಿಚುವ ಕತ್ತಿಗಳು ಮನೆಯಲ್ಲಿ ಕಪಾಟು ತುಂಬ ಇದ್ದವು. ಆದರೂ ಊಟವಾದ ಮೇಲೆ ಅವರು ತೆಗೆದು ನೋಡುತ್ತಿದ್ದುದು ಆ ಖಾಲಿ ಗೂಡನ್ನೇ.

"ಇರೋದನ್ನ ಬಿಟ್ಟು ಇಲ್ಲದ್ದನ್ನ ನೋಡ್ತಾ ಕೂತ್ಕೋತೀರಲ್ಲ, ನನ್ನನ್ನ ಯಾವತ್ತಾದ್ರೂ ಹಾಗೆ ನೋಡಿದೀರಾ?" ಎಂದು ಹೆಂಡತಿ ಒಮ್ಮೆ ಕೇಳಿದ್ದಳು.

"ನೀನು ಇದೀಯಲ್ಲ!" ಎಂದು ಬೆಪ್ಪಾಗಿ ಉತ್ತರಿಸಿ ಗುಮಾಸ್ತರು ಚೆನ್ನಾಗಿ ಬೈಸಿಕೊಂಡಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ತಲೆಗೂದಲು ಕತ್ತರಿಸಿಕೊಳ್ಳಲು ಬೀದಿ ಕೊನೆಯ ಅಂಗಡಿಗೆ ಹೋದರು. ಅಲ್ಲಿನ ಮುದಿ ಕ್ಷೌರಿಕರು ಸಾಮಾನು ಗಂಟು ಕಟ್ಟುತ್ತಿದ್ದರು. ಆ ಸಾಮಾನಿನ ನಡುವೆ ಇತ್ತು ನೋಡಿ! ಪೆಟ್ಟಿಗೆಯ ಕತ್ತಿಗಳದ್ದೇ ಕಪ್ಪು ಹಿಡಿ, ಬೆನ್ನ ಮೇಲೆ ಅದೇ ಅಕ್ಷರ, ಬುಧವಾರ! ಗುಮಾಸ್ತರು ಕೂದಲಿನ ವಿಷಯ ಮರೆತು ಬೆಲೆ ಕೇಳಿದರು.

"ನಮ್ಮ ಗುರುಗಳು ಕೊಟ್ಟಿದ್ದು, ಮಾರಲ್ಲ," ಎಂದರು ಮುದುಕರು. "ಇವತ್ತು ಸಂಜೆ ಅಂಗಡಿ ಮುಚ್ಚಿ ಮಗಳ ಮನೆಗೆ ಹೊರಟುಬಿಡ್ತೀನಿ. ಇನ್ನು ಈ ಕಡೆ ತಲೆ ಹಾಕೋನಲ್ಲ. ನಿಮಗೆ ಅಷ್ಟು ಆಸೆ ಇದ್ರೆ ಅದಕ್ಕೆ ಮುಂಚೆ ಬಂದು ಇದರಲ್ಲೇ ನನಗೊಂದು ಶೇವ್ ಮಾಡಿ. ಒಂದು ಹನಿ ರಕ್ತ ಬರಬಾರದು. ಬರದೇ ಇದ್ರೆ ಊರು ಬಿಡೋವಾಗ ನಿಮ್ಮ ಕೈಗೇ ಕೊಟ್ಟು ಹೋಗ್ತೀನಿ."

ಫಜೀತಿಗಿಟ್ಟುಕೊಂಡದ್ದು ಇಲ್ಲೇ. ಕಪಾಟು ತುಂಬ ಕತ್ತಿ ಇಟ್ಟುಕೊಂಡ ಗುಮಾಸ್ತರು ಹುಟ್ಟಿದಾಗಿನಿಂದ ಒಂದನ್ನೂ ಬಳಸಿದವರಲ್ಲ. ಪ್ಲಾಸ್ಟಿಕ್ ರೇಜರಿನಲ್ಲೇ ಗಲ್ಲ ಗೀರಿಕೊಳ್ಳುವ ಆಸಾಮಿ! ಕಚೇರಿಗೆ ರಜೆ ಹಾಕಿ, ಬಲೂನು ಊದಿ, ಸೋಪಿನ ನೊರೆ ಬಳಿದು, ಮಂಗಳವಾರದ ಕತ್ತಿ ಹಿಡಿದು ಅಭ್ಯಾಸಕ್ಕೆ ಕೂತರು. ಒಂದಾದ ಮೇಲೊಂದು ಬಲೂನು ಢಬ್ ಎಂದು ಒಡೆಯಿತು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಓಡಿಬಂದರು.

"ಏನ್ರೀ ಇದು, ಗಂಡ ಹೆಂಡ್ತಿ ಗುಂಡು ಹಾರಿಸ್ಕೋತಿದೀರಾ?"

ವಿಷಯ ತಿಳಿದ ಮೇಲೆ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಸುದ್ದಿ ಬೀದಿಗೆಲ್ಲ ಹಬ್ಬಿತು. "ಮೊಣಕೈ ಮೇಲೆತ್ತಿ," ಎಂದು ಮೇಷ್ಟ್ರು. "ಉಸಿರು ಬಿಗಿ ಹಿಡೀರಿ," ಎಂದು ಎದುರುಮನೆ ದರ್ಜಿ. "ಬಲೂನಿಗೇನು ಗೊತ್ತಾಗುತ್ತೆ, ಮನುಷ್ಯರ ಮುಖ ಬೇಕು," ಎಂದ ಹೆಂಡತಿ ಫೋನು ಮಾಡಿ ತನ್ನ ತಮ್ಮನನ್ನೇ ಕರೆಸಿದಳು. ಪಾಪ, ಭಾವಮೈದುನ ಬಂದು ಕಣ್ಣು ಮುಚ್ಚಿ ಗಲ್ಲ ಒಪ್ಪಿಸಿದ. ದರ್ಜಿ "ಕಿವಿ ಜೋಪಾನ!" ಎಂದದ್ದೇ ತಡ, ಮುಖದ ತುಂಬ ನೊರೆ ಇಟ್ಟುಕೊಂಡೇ ಎದ್ದುಬಿದ್ದು ಓಡಿದ. ಬಸ್ ಹತ್ತುವವರೆಗೂ ಹಿಂದಿರುಗಿ ನೋಡಲಿಲ್ಲವಂತೆ.

"ಬಿಟ್ಟುಬಿಡ್ರೀ," ಎಂದಳು ಹೆಂಡತಿ, ಈ ಸಲ ಮೆತ್ತಗೆ. "ಆ ಮುದುಕರಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಇಷ್ಟು ಹತ್ತಿರ ಬಂದ್ಮೇಲೆ ಹೇಗೆ ಬಿಡ್ಲಿ? ಇವತ್ತು ಹೋದ್ರೆ ಹೋಯ್ತು ಕಣೆ," ಎಂದರು ಗುಮಾಸ್ತರು. ಆ ಗೂಡನ್ನು ಖಾಲಿ ಬಿಟ್ಟೇ ತಾನು ಸಾಯಬೇಕಲ್ಲ ಎಂದು ಅವರಿಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಸಂಜೆ ಅಂಗಡಿ ಮುಂದೆ ಜನವೋ ಜನ. ಮುದುಕರು ಗಿರಾಕಿಯ ಕುರ್ಚಿಯಲ್ಲಿ ಕೂತು ತಲೆ ಹಿಂದಕ್ಕೆ ಒರಗಿಸಿದರು. ಗುಮಾಸ್ತರ ಕಣ್ಣ ಮುಂದೆ ಒಡೆದ ಬಲೂನುಗಳೇ ಬಂದವು. ಆದರೆ ಬುಧವಾರವನ್ನು ಬಿಚ್ಚಿ ಹಿಡಿದದ್ದೇ, ಅದರ ತೂಕ ಅಂಗೈಗೆ ತಾಗಿದ್ದೇ, ಭಯ ಎಲ್ಲಿ ಹೋಯಿತೋ! ಇಷ್ಟು ವರ್ಷ ಹಂಬಲಿಸಿದ್ದು ಕೊನೆಗೂ ಕೈಗೆ ಬಂದಿತ್ತು. ತಾಯಿ ಮಗುವಿನ ಮುಖ ಒರೆಸುವಷ್ಟು ಹಗುರವಾಗಿ ಗಲ್ಲ, ಗದ್ದ, ಗಂಟಲು ಮುಗಿಸಿದರು. ಮುದುಕರಿಗಂತೂ ನಿದ್ದೆಯೇ ಹತ್ತಿಬಿಟ್ಟಿತ್ತು.

ಎಚ್ಚರವಾಗಿ ಅವರು ಕೆನ್ನೆ ಸವರಿಕೊಂಡರು. ಒಂದು ಹನಿ ರಕ್ತವಿಲ್ಲ. ಕಣ್ಣಲ್ಲಿ ಮಾತ್ರ ನೀರು.

"ಊರಿಗೆಲ್ಲ ಶೇವ್ ಮಾಡ್ದೆ ಸ್ವಾಮಿ. ನಮ್ಮ ಗುರುಗಳು ಹೋದ್ಮೇಲೆ ನನ್ನ ಮುಖ ಮುಟ್ಟಿದೋರು ಒಬ್ಬರಿಲ್ಲ. ಇಂಥ ಸುಖ ಒಂದಿದೆ ಅನ್ನೋದೇ ಮರೆತುಹೋಗಿತ್ತು."

"ಹಾಗಾದ್ರೆ... ಕತ್ತಿ?" ಗುಮಾಸ್ತರು ಕೈ ಚಾಚಿದರು.

"ಊರು ಬಿಡೋವಾಗ ಕೊಡ್ತೀನಿ ಅಂದಿದ್ದೆ. ಮಾತಿಗೆ ತಪ್ಪೋನಲ್ಲ," ಎಂದ ಮುದುಕರು ಕತ್ತಿಯನ್ನು ಒರೆಸಿ, ಮಡಿಚಿ, ತಮ್ಮ ಜೇಬಿಗೆ ಇಳಿಸಿದರು. ಆಮೇಲೆ ಕಟ್ಟಿಟ್ಟಿದ್ದ ಗಂಟನ್ನು ಬಿಚ್ಚತೊಡಗಿದರು. "ಆದ್ರೆ ಈಗ ಊರು ಯಾಕೆ ಬಿಡ್ಲಿ? ಮಗಳ ಮನೆ ಹತ್ರ ಇಂಥ ಕೈ ಯಾರಿಗಿದೆ? ಬರೋ ವಾರ ಸ್ವಲ್ಪ ಬೇಗ ಬಂದ್ಬಿಡಿ!"

ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರು ಗುಮಾಸ್ತರ ಕಿವಿಯಲ್ಲಿ ಉಪಾಯ ಉಸುರಿದರು: "ಮುಂದಿನ ಸಲ ಬೇಕಂತಲೇ ಒಂದು ಗೀರು ಹಾಕಿ. ಮುದುಕರು ಅವತ್ತೇ ಗಾಡಿ ಹತ್ತುತ್ತಾರೆ."

"ಗೀರು ಬಿದ್ರೆ ಕತ್ತಿ ಕೊಡಲ್ಲವಲ್ಲ ಮೇಷ್ಟ್ರೇ!" ಎಂದ ಗುಮಾಸ್ತರು ಅಳುವುದೊಂದು ಬಾಕಿ.

ಈಗ ವಾರಕ್ಕೊಮ್ಮೆ ಆ ಕತ್ತಿ ಅವರ ಕೈಯಲ್ಲಿರುತ್ತದೆ, ಒಂದು ಗಡ್ಡ ಮುಗಿಯುವಷ್ಟು ಹೊತ್ತು. ಆಮೇಲೆ ಅದನ್ನು ಒರೆಸಿ, ಮಡಿಚಿ, ತಾವೇ ಮುದುಕರ ಜೇಬಿಗೆ ಹಾಕಿ ಮನೆಗೆ ಬರುತ್ತಾರೆ.