ಹಿತ್ತಾಳೆ ಕೊಡಕ್ಕೆ ಕಪ್ಪು ಬಣ್ಣ

ನನ್ನ ಮೊಮ್ಮಗಳು ಸಿಂಚನ ಬರೆದ ಹಿತ್ತಾಳೆ ಕೊಡ ಇವತ್ತು ಬೆಳಗ್ಗೆ ನ್ಯಾಮತಿಯ ಪಾತ್ರೆ ಅಂಗಡಿಯ ನೆತ್ತಿ ಮೇಲೆ ಬೋರ್ಡಾಗಿ ಏರಿ ಕೂತಿತು. ಕೊಡ ಎಂದರೆ ಕಂಕುಳಲ್ಲಿ ಇಟ್ಟುಕೊಂಡು ಬರುವ ಕೊಡವಲ್ಲ, ಎತ್ತಿನಗಾಡಿಯಷ್ಟು ಅಗಲದ ಕೊಡ. ಬಸ್ಸಿನಿಂದ ಇಳಿದವರು ಕತ್ತೆತ್ತಿ ನೋಡುತ್ತಾರೆ, ಫೋಟೋ ಎಂದುಕೊಂಡು ಮುಂದೆ ಹೋಗುತ್ತಾರೆ. ಅದು ಫೋಟೋ ಅಲ್ಲ ಎಂದು ಒಬ್ಬೊಬ್ಬರನ್ನೂ ನಿಲ್ಲಿಸಿ ಹೇಳುವುದಕ್ಕೆ ನನಗೆ ಪುರುಸೊತ್ತಿತ್ತು. ನನ್ನ ಮಗನಿಗೆ ಇರಲಿಲ್ಲ, ಕೈಹಿಡಿದು ಎಳೆದುಕೊಂಡು ಬಂದುಬಿಟ್ಟ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ಕೊಡದ ವಿಷಯದಲ್ಲಿ ಮಾತ್ರ ನನ್ನನ್ನು ತಿದ್ದಲು ಬರಬೇಡಿ.

ಸಿಂಚನ ನಮ್ಮ ತ್ಯಾವಣಿಗೆಯಿಂದ ದಿನಾ ಬಸ್ಸು ಹತ್ತಿ ಚನ್ನಗಿರಿಯ ಒಂದು ಫ್ಲೆಕ್ಸ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಅಲ್ಲಿ ಅವಳ ಕೆಲಸ ತಲೆ ಕತ್ತರಿಸುವುದು. ಹೆದರಬೇಡಿ, ಫೋಟೋದೊಳಗಿನ ತಲೆ. ಯಾರದೋ ಹುಟ್ಟುಹಬ್ಬ ಎಂದರೆ ನಡುವೆ ಒಂದು ದೊಡ್ಡ ತಲೆ, ಸುತ್ತ ಶುಭ ಕೋರುವವರ ಸಣ್ಣ ತಲೆಗಳು. ತನ್ನ ತಲೆ ಪಕ್ಕದವನ ತಲೆಗಿಂತ ಸಣ್ಣದಾಯಿತು ಎಂದು ಜಗಳಕ್ಕೆ ಬರುವವರೂ ಇದ್ದಾರಂತೆ. ಇನ್ನು ಬಣ್ಣದ ಕಥೆ ಕೇಳಬೇಡಿ. ನಮ್ಮ ಸೀಮೆಯ ಬಿಸಿಲಿನಲ್ಲಿ ಓಡಾಡಿದವರು ಎಲ್ಲರೂ ನನ್ನ ಹಾಗೆ ರೊಟ್ಟಿ ಹೆಂಚಿನ ಬಣ್ಣದವರೇ. ಫ್ಲೆಕ್ಸಿನಲ್ಲಿ ನೋಡಿದರೆ ಎಲ್ಲರೂ ಮೈದಾಹಿಟ್ಟಿನ ಚೀಲದೊಳಗೆ ಬಿದ್ದು ಎದ್ದು ಬಂದವರು. "ಸ್ವಲ್ಪ ಬೆಳ್ಳಗೆ ಮಾಡಮ್ಮ" ಎಂದು ಅವಳ ಕುರ್ಚಿಯ ಹಿಂದೆಯೇ ನಿಂತಿರುತ್ತಾರಂತೆ. ಒಬ್ಬ ಮಹಾಶಯ ತೀರಿಕೊಂಡ ತನ್ನ ಅಪ್ಪನನ್ನೂ ಬೆಳ್ಳಗೆ ಮಾಡಿಸಿದ. ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿದ ಮೇಲೆ ಅವನ ತಾಯಿ ಬಂದು, ದಿಟ್ಟಿಸಿ ನೋಡಿ, "ಇವ್ರು ಯಾರಪ್ಪ, ಯಾವಾಗ ತೀರ್ಕೊಂಡ್ರು?" ಎಂದು ಕೇಳಿದಳಂತೆ.

ಹುಡುಗಿ ಈ ಕೆಲಸದಲ್ಲಿ ಬಾಡಿಹೋಗಿದ್ದಳು. "ಅಜ್ಜಿ, ನಂಗೆ ಚಿತ್ರ ಬರೆಯಾಕೆ ಬರುತ್ತೆ. ಬರಿ ಅಂತ ಹೇಳೋರೇ ಇಲ್ಲ" ಎಂದು ಊಟದ ಮುಂದೆ ಕೂತು ಹೇಳುತ್ತಿದ್ದಳು. ಅಷ್ಟರಲ್ಲಿ ನ್ಯಾಮತಿಯ ಪಾತ್ರೆ ಅಂಗಡಿ ಸಾಹುಕಾರರು ಬೋರ್ಡು ಮಾಡಿಸಲು ಒಂದು ಫೋಟೋ ಹಿಡಿದುಕೊಂಡು ಬಂದರು. ಅವರ ಮಗ ಮೊಬೈಲಿನಲ್ಲಿ ತೆಗೆದ ಹಿತ್ತಾಳೆ ಕೊಡದ ಫೋಟೋ. ಬೋರ್ಡಿನ ಅಳತೆಗೆ ಹಿಗ್ಗಿಸಿದರೆ ಕೊಡವೆಲ್ಲ ಚೌಕ ಚೌಕವಾಗಿ ಒಡೆದು ಕೌದಿಯ ಹಾಗೆ ಕಂಡಿತು. ಅದೂ ಸಾಲದು ಎಂದು ಕೊಡದ ಹೊಳೆಯುವ ಹೊಟ್ಟೆಯೊಳಗೆ ಆ ಮಗನೇ ಮೊಬೈಲು ಎತ್ತಿ ಹಿಡಿದು ಕಡ್ಡಿಕಾಲಿನಲ್ಲಿ ನಿಂತಿದ್ದ. ಫ್ಲೆಕ್ಸ್ ಅಂಗಡಿಯ ಯಜಮಾನ ನಾಗರಾಜಪ್ಪ ಸಿಂಚನಳನ್ನು ಕರೆದು, "ನೀನೇ ಒಂದು ಕೊಡ ಬರಿಯಮ್ಮ. ಸಾಹುಕಾರ್ರು ಒಪ್ಪಿದ್ರೆ ಇನ್ಮೇಲೆ ಚಿತ್ರದ ಕೆಲಸ ಎಲ್ಲ ನಿಂದು. ಒಪ್ಲಿಲ್ಲ ಅಂದ್ರೆ ತಲೆ ಕತ್ತರಿಸ್ಕೊಂಡಿರು" ಎಂದರಂತೆ.

ಅವಳು ಲ್ಯಾಪ್‌ಟಾಪು ಮನೆಗೆ ತಂದಳು. ನನ್ನ ಕೊಡವನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ಕೂತಳು. ಚಿತ್ರ ಬರೆಯುವುದೆಂದರೆ ಬ್ರಷ್ಷು, ಬಣ್ಣದ ಡಬ್ಬಿ ಇರುತ್ತದೆ ಎಂದುಕೊಂಡಿದ್ದೆ. ಇವಳು ಮೊದಲು ಕೊಡದ ಆಕಾರಕ್ಕೆ ಗೆರೆ ಎಳೆದು, ಅದರ ಮೇಲೆ ಮೀನಿನ ಬಲೆಯಂಥದ್ದನ್ನು ಹಾಸಿದಳು. ಆ ಬಲೆಯ ಒಂದೊಂದು ಗಂಟಿಗೂ ಒಂದೊಂದು ಬಣ್ಣ ಕೊಡಬೇಕು. ಗಂಟಿನಿಂದ ಗಂಟಿಗೆ ಬಣ್ಣ ತಾನೇ ಕರಗಿ ಹರಡಿಕೊಳ್ಳುತ್ತದೆ, ಲಾರಿಯ ಬಾಗಿಲಿಗೆ ಗನ್ನಿನಲ್ಲಿ ಬಣ್ಣ ಊದಿದ ಹಾಗೆ. ಹೀಗೆ ಗೆರೆಯಲ್ಲಿ ಬರೆದದ್ದನ್ನು ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲವಂತೆ. ಇದೆಲ್ಲ ಸರಿ. ಆದರೆ ಬಣ್ಣ ಕೊಡುತ್ತಾ ಕೊಡುತ್ತಾ ಅವಳು ಕೊಡದ ಹೊಟ್ಟೆಗೆ ನೇರ ಕಪ್ಪು ಪಟ್ಟೆ ಬಳಿದಳು. ಅದರ ಪಕ್ಕಕ್ಕೆ ಅಪ್ಪಟ ಬಿಳಿ, ಕುತ್ತಿಗೆಯ ಹತ್ತಿರ ಚೂರು ನೀಲಿ, ತಳದಲ್ಲಿ ಮಣ್ಣಿನ ಬಣ್ಣ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನನ್ನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ. ಅಂಥ ನನ್ನ ಕೊಡಕ್ಕೆ ಮಸಿ.

ಅವತ್ತು ಭಾನುವಾರ, ಜಗಳೂರು ಕಡೆಯ ಬಿಳಿಚೋಡಿನಿಂದ ನಮ್ಮ ಬೀಗಿತ್ತಿ ಗಂಗಮ್ಮನೂ ಬಂದಿದ್ದರು. ಸೊಸೆಯ ತಾಯಿ, ಸಿಂಚನಳಿಗೆ ಇನ್ನೊಬ್ಬ ಅಜ್ಜಿ. ನಾನು ಉಪ್ಪು ಸಾಕು ಎಂದರೆ ಅವರು ಬೇಕು ಎನ್ನುತ್ತಾರೆ, ನಾನು ಫ್ಯಾನು ಹಾಕಿದರೆ ಅವರು ಆರಿಸುತ್ತಾರೆ. ಈ ಸಂಬಂಧ ಬೆಳೆಸಿದಾಗಿನಿಂದ ನಾವಿಬ್ಬರೂ ಒಂದೇ ಮಾತು ಆಡಿದ್ದು ಅವತ್ತೇ ಮೊದಲು.

"ಇದೇನವ್ವ, ತೊಳೆಯದೇ ಇರೋ ಕೊಡ ಬರ್ದೀಯ?" ಎಂದರು ಗಂಗಮ್ಮ.

"ಅದನ್ನೇ ನಾನೂ ಹೇಳಾಕೆ ಹತ್ತೀನಿ. ನೋಡ್ದೋರು ಈ ಮನೆ ಹೆಂಗಸ್ರಿಗೆ ಪಾತ್ರೆ ತಿಕ್ಕಾಕೆ ಬರಲ್ಲ ಅನ್ನಲ್ವೇನ್ರಿ?" ಎಂದೆ ನಾನು.

"ಅದು ಕೊಳೆ ಅಲ್ಲ ಅಜ್ಜಿ. ಎದುರಿಗೆ ಬಾಗಿಲು ಐತಲ್ಲ, ಅದರ ನೆರಳು ಕೊಡದಾಗೆ ಕಾಣ್ತೈತೆ. ಕಪ್ಪು ಇದ್ರೇನೇ ಹೊಳಪು ಕಾಣೋದು."

"ನಮಗೇ ಹೊಳಪು ಕಲಿಸ್ತೀಯ? ತೆಗಿ ಅದನ್ನ" ಎಂದೆ ನಾನು.

ಅವಳು ಕಪ್ಪನ್ನೆಲ್ಲ ಬೇರೆ ಪದರದಲ್ಲಿ ಇಟ್ಟಿದ್ದಳಂತೆ. ಒಂದು ಗುಂಡಿ ಒತ್ತಿದಳು, ಎಲ್ಲ ಮಾಯವಾಯಿತು. ಪರದೆಯ ಮೇಲೆ ಹಣ್ಣಾದ ಪಪ್ಪಾಯಿಯೊಂದು ಕೂತಿತ್ತು. ನನಗೆ ಕಾಣಲಿಲ್ಲವೆಂದಲ್ಲ. ಬೀಗಿತ್ತಿಯ ಮುಖ ನೋಡಿದೆ, ಅವರಿಗೂ ಕಂಡಿತ್ತು. ಆದರೆ ಮೊದಲು ಯಾರು ಬಾಯಿ ಬಿಡಬೇಕು? "ಈಗ ಲಕ್ಷಣವಾಗೈತೆ" ಎಂದರು ಅವರು. "ಈಗ ನೋಡು ಎಷ್ಟು ಚೊಕ್ಕ" ಎಂದೆ ನಾನು. ಸಿಂಚನ ಎರಡೂ ಕೊಡಗಳನ್ನು ಕಾಗದದ ಮೇಲೆ ಪ್ರಿಂಟು ಹಾಕಿಸಿದಳು.

ಸಾಹುಕಾರರಿಗೆ ತೋರಿಸಲು ನಾಗರಾಜಪ್ಪನವರ ಕಾರಿನಲ್ಲಿ ನ್ಯಾಮತಿಗೆ ಹೊರಟಾಗ, ನನಗೊಂದು ಚೊಂಬು ಬೇಕು ಎಂದು ಸುಳ್ಳು ಹೇಳಿ ನಾನೂ ಹತ್ತಿಕೊಂಡೆ. ಸಾಹುಕಾರರು ಸುತ್ತ ಪಾತ್ರೆಗಳನ್ನು ಇಟ್ಟುಕೊಂಡು, ನಡುವೆ ತಾವೂ ಒಂದು ಹಂಡೆಯ ಹಾಗೆ ಕೂತಿದ್ದರು. ಕಪ್ಪು ಪಟ್ಟೆಯ ಕೊಡವನ್ನು ನೋಡಿದ ಕೂಡಲೇ ಮೂಗು ಮುರಿದರು.

"ಏನಮ್ಮ ಇದು? ನಾವು ಮಸಿ ಹತ್ತಿದ ಪಾತ್ರೆ ಮಾರ್ತೀವಾ?"

ಸಿಂಚನಳ ಮುಖ ಇಳಿದುಹೋಯಿತು. ನಾಗರಾಜಪ್ಪ ಬಾಗಿಲ ಕಡೆ ನೋಡಿದರು. ನಾನು ಇಡೀ ಭಾನುವಾರ ಆಡಿದ್ದ ಮಾತೇ ಅದು. ಆದರೂ ಅವರ ಬಾಯಿಂದ ಕೇಳಿದಾಗ, ಎಂಥ ದಡ್ಡ ಮನುಷ್ಯನಪ್ಪ ಎನ್ನಿಸಿತು. ಇಷ್ಟು ವರ್ಷ ಹಿತ್ತಾಳೆಯ ಮಧ್ಯೆಯೇ ಕೂತಿದ್ದಾರೆ, ಒಂದು ದಿನವೂ ಕಣ್ಣು ಬಿಟ್ಟು ನೋಡಿಲ್ಲ. ಹುಡುಗಿ ಎರಡನೇ ಕಾಗದ ಮುಂದಿಟ್ಟಳು. ಸಾಹುಕಾರರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಇದೇನು, ಹಣ್ಣಿನಂಗಡಿ ಬೋರ್ಡಾ?"

"ಇದು ಕಪ್ಪು ತೆಗೆದಿದ್ದು ಸರ್."

ಅವರು ಮತ್ತೆ ಮೊದಲಿನದನ್ನು ಎತ್ತಿಕೊಂಡರು. ಕಪಾಟಿನಿಂದ ಒಂದು ನಿಜವಾದ ಕೊಡ ಇಳಿಸಿ ಪಕ್ಕಕ್ಕೆ ಇಟ್ಟುಕೊಂಡರು. ಕೊಡ ನೋಡಿದರು, ಕಾಗದ ನೋಡಿದರು, ಮತ್ತೆ ಕೊಡ ತಿರುಗಿಸಿದರು. ಕೊಡದ ಹೊಟ್ಟೆಯ ತುಂಬಾ ಕಪ್ಪೇ ಇತ್ತು. ಅರ್ಧ ಕಪ್ಪು ಅವರದೇ ದೇಹದ ನೆರಳು.

"ಹಂಗಾದ್ರೆ ಇದೇ ಇರ್ಲಿ ಬಿಡ್ರಿ" ಎಂದರು, ತಾವೇ ಬರೆದುಕೊಟ್ಟ ಧಾಟಿಯಲ್ಲಿ.

ವಾಪಸು ಬರುವಾಗ ನಾಗರಾಜಪ್ಪ, "ಸೋಮವಾರದಿಂದ ತಲೆ ಕೆಲಸ ಬೇರೆಯವ್ರಿಗೆ ಕೊಡ್ತೀನಮ್ಮ" ಎಂದರು. ಸಿಂಚನ ಕಿಟಕಿಯಾಚೆ ನೋಡುತ್ತಾ ಕಣ್ಣೊರೆಸಿಕೊಂಡಳು. ನಾನು ಒಂದು ಮಾತು ತಡೆದುಕೊಂಡಿದ್ದೆ, ಆಗ ಹೇಳಿಬಿಟ್ಟೆ: ನಾವಿಬ್ಬರು ಅಜ್ಜಿಯರು ಆ ಪಪ್ಪಾಯಿಯನ್ನು ಬರೆಸದೇ ಇದ್ದಿದ್ದರೆ ಸಾಹುಕಾರರಿಗೆ ಕೊಡ ಅರ್ಥವಾಗುತ್ತಿತ್ತೇ? ನಾಗರಾಜಪ್ಪ ಖಾಲಿ ರಸ್ತೆಯಲ್ಲಿ ಹಾರನ್ ಹೊಡೆದರು. ಒಪ್ಪಿಕೊಂಡರು ಎಂದು ತಿಳಿದೆ.

ಇವತ್ತು ಬೋರ್ಡು ನೋಡಿಕೊಂಡು ಬಂದ ಮೇಲೆ ಸಂಜೆ ಮನೆಯಲ್ಲಿ ಹೋಳಿಗೆ. ಮಗ, ಸೊಸೆ, ಸಿಂಚನ, ಬಿಳಿಚೋಡಿನಿಂದ ಮತ್ತೆ ಬಂದ ಗಂಗಮ್ಮ, ಎಲ್ಲರೂ ನಡುಮನೆಯಲ್ಲಿ ಸುತ್ತ ಕೂತೆವು. ನಾನು ಬಡಿಸುತ್ತಾ ಬಡಿಸುತ್ತಾ, ಲೋಹ ಎಂದರೆ ಏನು, ಕಪ್ಪು ಏಕೆ ಬೇಕು ಎಂದು ಮೂವರಿಗೂ ಪಾಠ ಮಾಡಿದೆ. ಸಿಂಚನ ಮಾತ್ರ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಗಂಗಮ್ಮ ನೀರಿನ ಲೋಟ ಎತ್ತಿ ನನ್ನ ಮುಂದೆ ಹಿಡಿದರು.

"ಬೀಗ್ತೇರೆ, ಈ ಲೋಟದಾಗೆ ಒಂದು ಕಪ್ಪು ಗೆರೆ ಐತಲ್ರಿ."

"ಇರ್ಬೇಕು ಕಣ್ರಿ. ಅದಿಲ್ದಿದ್ರೆ ಅದು ಸ್ಟೀಲೇ ಅಲ್ಲ" ಎಂದೆ. ಬಾಯಿ ಹಾಗೆ ಹೇಳಿತು, ಕೈ ಸುಮ್ಮನಿರಲಿಲ್ಲ. ಲೋಟ ಇಸಿದುಕೊಂಡು ಸೆರಗಿನಿಂದ ಒರೆಸಿದೆ. ಹೋಗಲಿಲ್ಲ. ಬಗ್ಗಿ ಇನ್ನೂ ಬಲವಾಗಿ ಒರೆಸಿದೆ. ಗೆರೆ ದಪ್ಪಗಾಯಿತು.

"ಅಜ್ಜಿ, ಅದು ನೀನು" ಎಂದಳು ಸಿಂಚನ. "ಬಗ್ಗಿದಷ್ಟೂ ದಪ್ಪ ಆಗ್ತೀಯ."

ಮಗ ನಕ್ಕ, ಸೊಸೆ ಬಾಯಿಗೆ ಸೆರಗು ಇಟ್ಟುಕೊಂಡಳು, ಗಂಗಮ್ಮನಿಗೆ ನಗುವಿನಲ್ಲಿ ಹೋಳಿಗೆ ನೆತ್ತಿಗೆ ಹತ್ತಿತು. ನಾನು ಲೋಟವನ್ನು ಅವರ ಕೈಗೆ ಕೊಟ್ಟು, ಹಿಂದೆ ಸರಿದು ಕೂತು, ನನ್ನ ತಟ್ಟೆ ಎಳೆದುಕೊಂಡೆ. ಈಗ ಆ ಲೋಟದಲ್ಲಿ ಉಳಿದಿದ್ದ ಕಪ್ಪು ಪೂರ್ತಿ ಬೀಗಿತ್ತಿಯದು. ನೆಮ್ಮದಿಯಾಗಿ ಎಲ್ಲರ ಜೊತೆ ಉಂಡೆ.