ಮಿಡತೆಯ ಮೀಸೆಯ ಮೇಲೊಂದು ಹನಿ

ಕ್ಯಾಮೆರಾ ಹಿಡಿದವರಿಗೆ ಹೀಗೆಲ್ಲ ಆಗುತ್ತಲೇ ಇರುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ ನಾನು ಸುಮ್ಮನೆ ಕಸೂತಿ ಕಲಿಯುತ್ತಿದ್ದೆ. ಕಸೂತಿ ಹಾಕುವವರನ್ನು ಯಾರೂ ರಸ್ತೆಯಿಂದ ಎತ್ತಿ ಕೂರಿಸಿ ನೀರು ಕುಡಿಸುವುದಿಲ್ಲ.

ನಾನು ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಮೊದಲು ಕೊಪ್ಪ, ಆಮೇಲೆ ಶೃಂಗೇರಿ, ಕೊನೆಗೆ ಎನ್.ಆರ್.ಪುರ. ವರ್ಗವಾದಲ್ಲೆಲ್ಲ ಮಕ್ಕಳು ನನ್ನನ್ನು ದೂರದಿಂದ ಕಂಡೊಡನೆ ಬೇರೆ ದಾರಿ ಹಿಡಿಯುತ್ತಿದ್ದರು. ಡಿಜಿಟಲ್ ಕ್ಯಾಮೆರಾ ನಮ್ಮ ಕಡೆಗೆ ಬಂದ ಹೊಸತರಲ್ಲಿ ನಾನೂ ಒಂದು ಕೊಂಡೆ. ಅದರಲ್ಲಿ ಹೂವಿನ ಗುರುತಿನ ಒಂದು ಗುಂಡಿ. ಅದನ್ನೊತ್ತಿದರೆ ಮೂಗಿನ ತುದಿಗಿರುವ ವಸ್ತುವೂ ಸ್ಪಷ್ಟವಾಗಿ ಬೀಳುತ್ತಿತ್ತು. ಅಲ್ಲಿಂದ ನನಗೆ ಮನುಷ್ಯರ ಮುಖದ ಮೇಲಿನ ಆಸಕ್ತಿಯೇ ಹೋಯಿತು. ಇರುವೆಯ ಸೊಂಟ, ಚಿಟ್ಟೆಯ ರೆಕ್ಕೆಯ ಪುಡಿ, ಜೇಡನ ಕಣ್ಣು, ಇಷ್ಟೇ ನನ್ನ ಲೋಕ.

ನನ್ನ ಗಂಡ ಇವನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಇದನ್ನೆಲ್ಲ ಯಾರು ನೋಡ್ತಾರೆ ಮಾರಾಯ್ತಿ? ಯಾರಾದ್ರೂ ಅವರಾಗೇ ಬಂದು ಕೇಳಿ, ನಿನ್ನ ಹುಳ ಒಂದನ್ನ ಗೋಡೆಗೆ ಹಾಕ್ಕೊಳ್ಲಿ. ಅವತ್ತು ನಾನೂ ನೋಡ್ತೀನಿ" ಅಂದರು. ಮನೆಯಲ್ಲಿರುವ ಮನುಷ್ಯನೇ ಹೀಗೆ ಅಂದರೆ ಬೇಜಾರಾಗುತ್ತದೆ, ಆಯಿತು. ಯಾರದಾದರೂ ಮನೆಯಲ್ಲಿ ಒಂದು ಗೋಡೆ, ಒಂದು ಮೊಳೆ. ಅಷ್ಟು ಸಿಕ್ಕರೆ ಸಾಕು ಎಂದು ನಾನೂ ಹಟ ಹಿಡಿದೆ.

ಓಲೆ

ಹಿರೇಕೊಡಿಗೆಯಲ್ಲಿ ಪರಿಚಯದವರ ಮನೆಗೆ ಹೋಗಿದ್ದವಳು ಬೆಳಿಗ್ಗೆ ಕೊಪ್ಪದ ಬಸ್ಸಿಗೆ ಕಾಯುತ್ತಿದ್ದೆ. ರಸ್ತೆ ಬದಿಯ ಹುಲ್ಲಿನ ಮೇಲೊಂದು ಹಸಿರು ಮಿಡತೆ. ತಲೆಯ ಮೇಲೆ ಎರಡು ಎಳೆ ಮೀಸೆ, ಒಂದರ ತುದಿಯಲ್ಲಿ ಇಬ್ಬನಿಯ ಹನಿ. ಇನ್ನೇನು ಬೀಳುತ್ತದೆ ಅನ್ನುವ ಹಾಗಿತ್ತು, ಬೀಳುತ್ತಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಲ್ಲೇ ಬೋರಲು ಮಲಗಿದೆ.

ಬೈಕಿನಲ್ಲಿ ಹೋಗುತ್ತಿದ್ದವರೊಬ್ಬರು ನಿಲ್ಲಿಸಿದರು. "ಎಂತ ಕಳ್ಕೊಂಡ್ರಿ ಟೀಚರೇ?"

ಉಸಿರು ಬಿಟ್ಟರೆ ಕ್ಯಾಮೆರಾ ಅಲುಗುತ್ತದೆ. ನಾನು ಮಾತಾಡಲಿಲ್ಲ. ಮಾತೇ ಹೊರಡದಷ್ಟು ದುಃಖವಾಗಿದೆ ಅಂದರೆ ಹೋಗಿದ್ದು ಬಂಗಾರವೇ ಇರಬೇಕು ಎಂದು ಅವರು ತೀರ್ಮಾನಿಸಿದರು. ಅಷ್ಟರಲ್ಲಿ ಬಸ್ಸು ಬಂತು. ಅದಕ್ಕೆ ಕೈ ಅಡ್ಡ ಹಿಡಿದು, "ಟೀಚರ್ ಓಲೆ ಬಿದ್ದುಹೋಗಿದೆ" ಎಂದು ಸಾರಿಯೇಬಿಟ್ಟರು.

ಇಡೀ ಬಸ್ಸು ಇಳಿಯಿತು. ಕಂಡಕ್ಟರು ಹೆಂಗಸರನ್ನು ಈ ಬದಿಗೆ, ಗಂಡಸರನ್ನು ಆ ಬದಿಗೆ ಹಂಚಿದ. ಒಬ್ಬ ಅಜ್ಜಿ ನನ್ನನ್ನು ಎತ್ತಿ ಕೂರಿಸಿ, ಬಾಟಲಿಯ ನೀರು ಕುಡಿಸಿ, "ಅಳ್ಬೇಡ, ಸಿಗ್ತದೆ" ಎಂದು ಬೆನ್ನು ಸವರಿದರು. ಮಿಡತೆ ಯಾರ ಚಪ್ಪಲಿಯಡಿ ಹೋಯಿತೋ, ಹಾರಿ ಬದುಕಿತೋ ಗೊತ್ತಾಗಲಿಲ್ಲ. ನನ್ನ ಎರಡೂ ಓಲೆ ಕಿವಿಯಲ್ಲೇ ಇದ್ದವು. ಅದನ್ನು ಹೇಳಿದೆ, ಯಾರಿಗೂ ಕೇಳಲಿಲ್ಲ. ಎಲ್ಲರ ಕಣ್ಣೂ ನೆಲದ ಮೇಲಿತ್ತು.

"ಸಿಕ್ತು" ಎಂದು ಯಾರೋ ಕೂಗಿದರು. ನಿಜವಾಗಿಯೂ ಒಂದು ಓಲೆ. ಯಾವ ಕಾಲದ್ದೋ, ಯಾರದ್ದೋ, ಮಣ್ಣು ಮೆತ್ತಿಕೊಂಡಿತ್ತು. ತಂದು ನನ್ನ ಅಂಗೈಯಲ್ಲಿಟ್ಟರು. ನನ್ನದಲ್ಲ, ನೋಡಿ, ಎರಡೂ ಇಲ್ಲೇ ಇವೆ ಎಂದು ಕಿವಿ ಹಿಡಿದು ತೋರಿಸಿದೆ.

ಕಂಡಕ್ಟರು ನನ್ನ ಕಿವಿ ನೋಡಿದ, ಗಡಿಯಾರ ನೋಡಿದ. "ಮೂರಾದ್ರೂ ಅಡ್ಡಿಲ್ಲ, ಇಟ್ಕೊಳ್ಳಿ ಟೀಚರೇ. ಬಸ್ಸು ಲೇಟಾಯ್ತು."

ಕೈ

ಶೃಂಗೇರಿಗೆ ಹೋದ ಮೇಲೆ ಮನೆಗೆ ಕಂಪ್ಯೂಟರ್ ಬಂತು, ಜೊತೆಗೆ ಫೋಟೊ ತಿದ್ದುವ ಸಾಫ್ಟ್‌ವೇರಿನ ಸಿ.ಡಿ. ನಾನು ಕಲಿಯಹೊರಟಿದ್ದು ಹುಳದ ಹಿಂದಿನ ಕಸ ಅಳಿಸುವುದನ್ನು. ಟೀಚರ್ ಫೋಟೊದಲ್ಲಿ ಇದ್ದವರನ್ನು ಇಲ್ಲ ಮಾಡುತ್ತಾರೆ ಎಂದು ಊರಿನಲ್ಲಿ ಸುದ್ದಿಯಾಯಿತು.

ಅಡ್ಡಗದ್ದೆಯಿಂದ ಒಬ್ಬರು ತಮ್ಮ ಮನೆಯವರೆಲ್ಲ ಇರುವ ಫೋಟೊ ಹಿಡಿದು ಬಂದರು. ಪಾಲಿನ ಜಗಳದಲ್ಲಿ ತಮ್ಮನ ಜೊತೆ ಮಾತು ಬಿಟ್ಟಿತ್ತು. "ನನ್ನ ತಮ್ಮನ್ನ ಇದ್ರಿಂದ ತೆಗೀರಿ. ಮುಖ ನೋಡೂಕಾಗೂದಿಲ್ಲ."

ಆ ತಮ್ಮ, ಅಮ್ಮನ ಕುರ್ಚಿಯ ಹಿಂದೆ, ಅವರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದ. ತಲೆ ಅಳಿಸಿದೆ, ಮೈ ಅಳಿಸಿದೆ, ಆ ಜಾಗಕ್ಕೆ ಗೋಡೆಯ ಸುಣ್ಣ ತುಂಬಿದೆ. ಕೈ ಮಾತ್ರ ಹೋಗಲೊಲ್ಲದು. ಮುಟ್ಟಿದರೆ ಅಮ್ಮನ ಸೀರೆಯ ಅಂಚೇ ಹರಿದುಹೋಗುತ್ತಿತ್ತು. ವಿಷಯ ಹೇಳಿದೆ. "ಕೈ ಮೇಲೆ ನಂಗೆ ಸಿಟ್ಟಿಲ್ಲ ಬಿಡಿ" ಎಂದು ಒಯ್ದರು.

ಕೆಲವು ತಿಂಗಳ ಮೇಲೆ ಅವರ ಮನೆಗೆ ಹೋದರೆ ಆ ಫೋಟೊ ಚೌಕಟ್ಟಿನಲ್ಲಿ ಕೂತು ಜಗಲಿಯ ಗೋಡೆಯ ಮೇಲಿತ್ತು. ಬದುಕಿರುವವರ ಫೋಟೊಕ್ಕೆ ಹಾರ ಹಾಕುವಂತಿಲ್ಲವಲ್ಲ, ಹಾಗಾಗಿ ಗಾಜಿನ ಮೇಲೆ ಸರಿಯಾಗಿ ಆ ಕೈ ಇರುವಲ್ಲಿಗೆ ಗಂಧ ಹಚ್ಚಿ ಒಂದು ಹೂವಿನ ಎಸಳು ಅಂಟಿಸಿದ್ದರು. ಅಮ್ಮ ಕಣ್ಣೊರೆಸಿಕೊಳ್ಳುತ್ತ, "ನಮ್ಮನೆಯವ್ರ ಕೈ. ಹೋಗಿ ಇಷ್ಟು ವರ್ಷ ಆದ್ರೂ ನನ್ನ ಬಿಟ್ಟಿಲ್ಲ ನೋಡಿ" ಅಂದರು. ಮಗ ನನ್ನ ಮುಖ ನೋಡಿದರು, ನಾನು ಕಾಫಿ ಲೋಟ ನೋಡಿದೆ.

ಮುಂದೆ ಅಣ್ಣ ತಮ್ಮ ರಾಜಿಯಾದರು. ತಮ್ಮನಾದವನು ಮನೆಗೆ ಬಂದು, ಅಮ್ಮ ಹೇಳಿದಂತೆ ಅಪ್ಪನ ಕೈಗೆ ಅಡ್ಡಬಿದ್ದು, ತನ್ನದೇ ಕೈಯ ಆಶೀರ್ವಾದ ತೆಗೆದುಕೊಂಡು ಹೋದನಂತೆ.

ನಾನು ಮುಟ್ಟಿದ ಫೋಟೊ ಅಂತೂ ಒಂದು ಗೋಡೆ ಏರಿತು ಅಂದೆ. "ಅದು ಹುಳ ಅಲ್ಲ" ಅಂದರು ನನ್ನ ಗಂಡ.

ಔಷಧಿ

ಕಿಗ್ಗದಲ್ಲಿ ಸಹೋದ್ಯೋಗಿಯೊಬ್ಬರ ಮನೆಯ ಬೇಲಿಯಲ್ಲಿ ಮತ್ತೆ ಅಂಥದೇ ಮಿಡತೆ, ಅಂಥದೇ ಹನಿ. ಈ ಸಲ ಬಸ್ಸು ಬರಲಿಲ್ಲ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಆ ಹನಿಯೊಳಗೆ ಬೇಲಿ, ಆಕಾಶ, ಬೋರಲು ಮಲಗಿದ ನಾನು, ಎಲ್ಲ ತಲೆಕೆಳಗಾಗಿ ಕಾಣುತ್ತಿತ್ತು. ಅವತ್ತು ಆದ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಎಲ್ಲರಿಗೂ ತೋರಿಸಿದೆ. ಸಹೋದ್ಯೋಗಿಯ ಅಪ್ಪ, "ಇದಕ್ಕೆ ಎಂತ ಔಷಧಿ ಹೊಡೀಬೇಕು?" ಎಂದು ಕೇಳಿದರು. ಹೆಡ್‌ಮಾಸ್ಟರು, "ಸಿಲೆಬಸ್ಸಲ್ಲಿ ಇದೆಯಾ?" ಅಂದರು. ನಮ್ಮ ಅತ್ತೆ, "ಬೆಳಿಗ್ಗೆ ಎದ್ದು ಇದರ ಮುಖ ನೋಡಿದ್ರೆ ಕಾಫಿ ಸೇರ್ತದಾ?" ಅಂದರು. ಹನಿಯ ಸುದ್ದಿ ಒಬ್ಬರೂ ಎತ್ತಲಿಲ್ಲ. ಬೆರಳಿಟ್ಟು ತೋರಿಸಿದರೆ ನನ್ನ ಬೆರಳು ನೋಡುತ್ತಿದ್ದರು.

ಕೊನೆಗೆ ಪೇಟೆಯ ಸ್ಟುಡಿಯೋದವರ ಹತ್ತಿರ ಹೋದೆ. ಅವರಿಗಾದರೂ ಗೊತ್ತಾದೀತು ಎಂಬ ಆಸೆ. ಬಹಳ ಹೊತ್ತು ನೋಡಿ, ಮೆಚ್ಚಿ ತಲೆದೂಗಿದರು.

"ಚೆನ್ನಾಗಿ ಬಂದಿದೆ ಮೇಡಂ. ಹಿಂದ್ಗಡೆ ತಾಜ್‌ಮಹಲ್ ಹಾಕಿ ಕೊಡ್ಲಾ?"

ಕರೆಂಟು

ಆ ಫೋಟೊದಲ್ಲಿ ಒಂದೇ ಕುಂದು. ಮಿಡತೆಯ ಹಿಂದೆ ಬೇಲಿಗೆ ಸಿಕ್ಕಿಕೊಂಡ ಒಂದು ಗುಟ್ಕಾ ಪೊಟ್ಟಣ. ನಮ್ಮೂರಿನ ಅಡಿಕೆ ದೇಶ ಸುತ್ತಿ, ಪೊಟ್ಟಣವಾಗಿ ನಮ್ಮ ಬೇಲಿಗೇ ಬಂದು ಕೂತಿತ್ತು. ಎನ್.ಆರ್.ಪುರಕ್ಕೆ ಬಂದ ಮೇಲೆ ಒಂದು ಭಾನುವಾರ ಪೂರ್ತಿ ಅದನ್ನು ಚುಕ್ಕೆ ಚುಕ್ಕೆಯಾಗಿ ಅಳಿಸಿದೆ. ಅಡುಗೆ ಮಾಡಲಿಲ್ಲ. ಗಂಡ ಅವಲಕ್ಕಿ ಕಲಸಿಕೊಂಡು ತಿಂದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಪೊಟ್ಟಣದ ಒಂದು ಮೂಲೆ ಮಾತ್ರ ಉಳಿದಿತ್ತು. ಸೇವ್ ಮಾಡಿರಲಿಲ್ಲ.

ಕರೆಂಟು ಹೋಯಿತು.

ನಾನು ಕಿರುಚಿದ್ದು ರಸ್ತೆಗೆ ಕೇಳಿತಂತೆ. ಗಂಡ ಕತ್ತಲಲ್ಲಿ ಬೆಂಕಿಪೆಟ್ಟಿಗೆಗೆ ತಡಕಾಡಿದರು. ಕೈಗೆ ಸಿಕ್ಕಿದ್ದು ಕ್ಯಾಮೆರಾ. ಬೆಳಕು ಬರಲಿ ಎಂದು ನನ್ನ ಮುಖದ ಹತ್ತಿರವೇ ಹಿಡಿದು ಒತ್ತಿಬಿಟ್ಟರು.

ಕರೆಂಟು ಬಂದ ಮೇಲೆ ನೋಡಿದರೆ ಬಿಟ್ಟ ಬಾಯಿ, ಅರಳಿದ ಮೂಗು, ಕೆದರಿದ ತಲೆ, ಕೆಂಡದಂಥ ಕಣ್ಣು. ಹೂವಿನ ಗುಂಡಿ ಒತ್ತಿದಂತೇ ಇತ್ತಾದ್ದರಿಂದ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅಳಿಸಲು ಹೋದರೆ ಗಂಡ ಕೊಡಲಿಲ್ಲ. ನಾನು ತೆಗೆದದ್ದನ್ನು ಇಷ್ಟು ವರ್ಷ ನೋಡದವರು ತಾವು ತೆಗೆದದ್ದನ್ನು ತಿರುಗಿಸಿ ತಿರುಗಿಸಿ ನೋಡಿ, ಕಂಪ್ಯೂಟರಿಗೂ ಹಾಕಿಸಿಕೊಂಡರು.

"ಎಷ್ಟು ಕ್ಲಿಯರ್ ಬಂದಿದೆ ನೋಡು. ಕಲೀದೇ ಇದ್ರೂ ಬರ್ತದೆ."

ಮಂಗ

ಹಟ ಬಿಡದೆ ಆ ಪೊಟ್ಟಣವನ್ನು ಇನ್ನೊಂದು ಭಾನುವಾರ ಅಳಿಸಿ ಮುಗಿಸಿದೆ. ಪಕ್ಕದ ಮನೆಯ ಯಜಮಾನರು ಬಂದವರು ಅದನ್ನು ನೋಡಿ ನಿಂತರು. ಬಹಳ ಹೊತ್ತು ನಿಂತರು.

"ಟೀಚರೇ, ಈ ಹುಳದ್ದು ಒಂದು ದೊಡ್ಡ ಫೋಟೊ ಬೇಕಿತ್ತು. ಬಾಗಿಲಷ್ಟು ದೊಡ್ಡದು."

ಇನ್ನೊಮ್ಮೆ ಹೇಳಿ ಅಂದೆ. ಇನ್ನೊಮ್ಮೆ ಹೇಳಿದರು. ನನ್ನ ಕಣ್ಣಲ್ಲಿ ನೀರು ಬಂತು. ಶಿವಮೊಗ್ಗದಲ್ಲಿ ಫ್ಲೆಕ್ಸ್ ಮಾಡಿಸಿ ತಂದುಕೊಟ್ಟೆ. ಗಂಡ ತುತ್ತು ಬಾಯಿಗಿಡುವುದನ್ನು ನಿಲ್ಲಿಸಿ, "ಅವರಾಗೇ ಕೇಳಿದ್ರಾ?" ಅಂದರು. ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಅಂಗಿ ಹಾಕಿಕೊಂಡು, "ನಡಿ, ನೋಡೋಣ" ಎಂದು ಹೊರಟರು. ನಾನು ರೇಷ್ಮೆ ಸೀರೆ ಉಟ್ಟೆ.

ಯಜಮಾನರು ನಮ್ಮನ್ನು ಜಗಲಿಯಲ್ಲಿ ಕೂರಿಸಲಿಲ್ಲ. ಒಳಗೆ ಕರೆದುಕೊಂಡು ಹೋದರು, ಅಡುಗೆಮನೆ ದಾಟಿಸಿದರು, ಹಿತ್ತಲಿಗೆ ಇಳಿಸಿದರು. ಬಾಳೆಗಿಡಗಳ ನಡುವೆ ಎರಡು ಬಿದಿರು ಗಳ ಹುಗಿದು ನನ್ನ ಮಿಡತೆಯನ್ನು ಕಟ್ಟಿದ್ದರು.

"ಮಂಗ ಒಂದು ಗೊನೆ ಉಳ್ಸೂದಿಲ್ಲ ಟೀಚರೇ. ಹುಲಿ ಗೊಂಬೆ ಇಟ್ಟೆ, ಹೆದರ್ಲಿಲ್ಲ. ನಿಮ್ಮನೇಲಿ ಇದನ್ನ ಕಂಡಾಗ ನಂಗೇ ಎದೆ ಝಲ್ ಅಂತು. ಇದಾದ್ರೆ ಸೈ ಅಂದ್ಕೊಂಡೆ."

ಗಂಡ ಗಳಗಳನ್ನು ಮುಟ್ಟಿ ನೋಡಿ, "ಇದು ಗೋಡೆ ಲೆಕ್ಕಕ್ಕೆ ಬರೂದಿಲ್ಲ ಮಾರಾಯ್ತಿ" ಅಂದರು. ಆದರೂ ಪಾಪ, ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಹಂಚಿನ ಮೇಲೆ ದಡಬಡ ಸದ್ದಾಯಿತು. ಮಂಗಗಳ ಹಿಂಡಿನ ದೊಡ್ಡದು ಇಳಿದು ಬಂದು ಫ್ಲೆಕ್ಸಿನ ಎದುರಿಗೆ ಕೂತಿತು. ದೂರದಿಂದ ನೋಡಿತು. ಹತ್ತಿರ ಹೋಗಿ ಕತ್ತು ಓರೆ ಮಾಡಿ ನೋಡಿತು. ಕಣ್ಣು, ಕಾಲು ಯಾವುದೂ ಅದಕ್ಕೆ ಬೇಕಾಗಲಿಲ್ಲ. ಎದ್ದು ನಿಂತು ನಿಧಾನವಾಗಿ ಕೈ ಚಾಚಿ, ಮೀಸೆಯ ತುದಿಯ ಹನಿಯ ಮೇಲೆ ಬೆರಳಿಟ್ಟಿತು. ಬೆರಳು ನೋಡಿಕೊಂಡಿತು, ನೆಕ್ಕಿತು. ಮತ್ತೆ ಹನಿ ಮುಟ್ಟಿತು.

"ಹನಿ ನೋಡಿತು ರೀ" ಎಂದು ಗಂಡನ ಕೈ ಹಿಡಿದುಕೊಂಡೆ. ಗಂಡ ಅವತ್ತು ಮೊದಲ ಸಲ ನನ್ನ ಫೋಟೊ ನೋಡಿದರು. ಮಂಗ ತೋರಿಸಿದ್ದಕ್ಕೆ ನೋಡಿದರು.

ಯಜಮಾನರ ಮುಖ ಸಪ್ಪಗಾಯಿತು. "ಹೆದರ್ಲೇ ಇಲ್ವಲ್ಲ ಮಾರಾಯ್ರೆ."

ಗಂಡನಿಗೆ ಅವರ ಮೇಲೆ ಕನಿಕರ ಬಂತು. "ತಡೀರಿ, ನಾನು ತೆಗ್ದಿದ್ದು ಒಂದು ಫೋಟೊ ಇದೆ" ಅಂದರು.

ನಾನು ಬೇಡವೆಂದೆ. ಟೀಚರ ಮಾತು ಶಾಲೆಯ ಗೇಟಿನಿಂದ ಆಚೆ ನಡೆಯುವುದಿಲ್ಲ. ಈಗ ಆ ಹಿತ್ತಲಿನಲ್ಲಿ ಬಾಗಿಲಷ್ಟು ದೊಡ್ಡ ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೇನೆ. ಬಾಳೆಗೊನೆಗಳು ಚೆನ್ನಾಗಿ ಬಲಿತಿವೆ, ನಮಗೂ ಒಂದು ಚಿಪ್ಪು ಕೊಟ್ಟರು. ಮಂಗಗಳು ಆ ಬೀದಿಗೇ ಬರುತ್ತಿಲ್ಲವಂತೆ. ಮೂರು ತಾಲ್ಲೂಕು ಸುತ್ತಿದ ಮೇಲೆ ನನ್ನ ಫೋಟೊ ನೋಡುವವನು ಅಂತ ಒಬ್ಬ ಸಿಕ್ಕಿದ್ದ. ಅವನನ್ನೂ ನನ್ನ ಮುಖವೇ ಓಡಿಸಿತು.