ಬಸವಲಿಂಗಪ್ಪನವರ ತಂಪು ತಾರಸಿ

ಈ ಸಲದ ಬೇಸಿಗೆಯನ್ನು ತಾವೇ ವಿಚಾರಿಸಿಕೊಳ್ಳುವುದಾಗಿ ಬಸವಲಿಂಗಪ್ಪನವರು ದಿಲ್ಲಿಯ ಜನಕಪುರಿಯ ತಮ್ಮ ಕಟ್ಟಡದ ಸಭೆಯಲ್ಲಿ ಘೋಷಿಸಿಬಿಟ್ಟರು. ಅವರು ಕೇಂದ್ರ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಬಿಸಿಲೂ ತಮ್ಮ ಸಹಿ ಪಡೆದೇ ಒಳಗೆ ಬರಬೇಕು ಅನ್ನುವ ಗತ್ತು. ಉಪಾಯ ಸರಳ: ಎಲ್ಲ ಮನೆಯವರೂ ಸೇರಿ ತಾರಸಿಗೆ ಸುಣ್ಣ ಬಳಿದರೆ ಬಿಸಿಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ!

ತಾರಸಿಯ ಕೆಳಗಿನ ಮನೆ ಕಿಶನ್‌ನದು. ಅವನ ವಯಸ್ಸಾದ ತಾಯಿ ಬೀಜಿ ಹೋದ ಬೇಸಿಗೆಯಲ್ಲಿ ಸೆಕೆಗೆ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ್ದರು. "ಬೀಜಿ, ನಿಮ್ಮ ಕೋಣೆ ತಣ್ಣಗಾಗದಿದ್ದರೆ ನನ್ನ ಎ.ಸಿ. ಕೋಣೆ ನಿಮಗೆ, ನಿಮ್ಮ ಕೋಣೆ ನನಗೆ" ಎಂದು ಬಸವಲಿಂಗಪ್ಪನವರು ಎದೆ ತಟ್ಟಿಕೊಂಡರು. ಹೆಂಡತಿ ವೈಜಯಂತಿ ಹಣೆ ಚಚ್ಚಿಕೊಂಡರು.

ಭಾನುವಾರ ಬಕೆಟ್ಟು, ಪೊರಕೆ ಹಿಡಿದು ಕಟ್ಟಡಕ್ಕೆ ಕಟ್ಟಡವೇ ಮೇಲೆ ಹತ್ತಿತು. ಎಲೆ ಹಾಕಿ ಬಡಿಸಬಹುದು ಅನ್ನುವಷ್ಟು ಚೊಕ್ಕಟವಾಗಿ ತಾರಸಿ ತೊಳೆದರು. ಮೆಟ್ಟಿಲ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟಿದ್ದ ದೊಡ್ಡ ಪಾತ್ರೆಯನ್ನು ಬಸವಲಿಂಗಪ್ಪನವರು ತಾವೇ ಎಳೆದು ತಂದರು. ಬೆಳ್ಳಗೆ, ಮಂದವಾಗಿ, ಇನ್ನೂ ಬೆಚ್ಚಗಿತ್ತು. ನೆನೆಸಿದ ಸುಣ್ಣ ಬಿಸಿಯಾಗುವುದು ಸಹಜವೆಂದು ಎಲ್ಲರಿಗೂ ಪಾಠ ಹೇಳಿದರು. ನಡುವೆ ಜೀರಿಗೆ ಕಂಡಾಗ, ಅಂಗಡಿ ಭಯ್ಯಾ ಕಸ ಬೆರೆಸಿದ್ದಾನೆಂದು ಬೈದರು. ಒಂದಿಷ್ಟು ನೀರು ಕಲಸಿ ಬಳಿದದ್ದೇ ಬಳಿದದ್ದು.

ಕೊನೆಯ ಮೂಲೆ ಮುಗಿಯುತ್ತಿದ್ದಾಗ ವೈಜಯಂತಿ ಪ್ಲಾಸ್ಟಿಕ್ ಹಾಳೆ ಸುತ್ತಿ ಹಿಡಿದು ಬಂದರು.

"ರೀ, ಇಲ್ಲಿಟ್ಟಿದ್ದ ಸಂಡಿಗೆ ಹಿಟ್ಟೆಲ್ಲಿ?"

ಸುಣ್ಣದ ಡ್ರಮ್ಮು ಅದೇ ಮೂಲೆಯಲ್ಲಿ ಮುಚ್ಚಳ ಕೂಡ ತೆಗೆಯದೆ ಕೂತಿತ್ತು. ಬಸವಲಿಂಗಪ್ಪನವರು ಅದನ್ನು ನೋಡಿದರು. ಆಮೇಲೆ ಕಾಲ ಕೆಳಗೆ ನೋಡಿದರು.

"ಹಾಕಿ ಆಯ್ತು."

"ಎಲ್ಲಿ?"

"ಎಲ್ಲಾ ಕಡೆ."

ಅದು ವರ್ಷಕ್ಕಾಗುವಷ್ಟು ಹಿಟ್ಟು, ವೈಜಯಂತಿ ನಸುಕಿನಲ್ಲೆದ್ದು ಕೈ ಸೋಲುವಷ್ಟು ತೊಳಸಿದ್ದು. ದಿಲ್ಲಿಯ ಬಿಸಿಲು ದಾಕ್ಷಿಣ್ಯ ನೋಡಲಿಲ್ಲ. ಮಧ್ಯಾಹ್ನದೊಳಗೆ ತಾರಸಿಯಿಡೀ ಒಣಗಿ, ಅಂಚು ಮೇಲೆದ್ದು, ಒಂದೇ ಒಂದು ಮಹಾಸಂಡಿಗೆಯಾಯಿತು! ಸುತ್ತಲಿನ ಪಾರಿವಾಳಗಳು ಬಂಧುಬಳಗ ಸಮೇತ ಇಳಿದವು. ನಿವಾಸಿಗಳೂ ಬಿಡಲಿಲ್ಲ. ಬಳಿದಷ್ಟೇ ಒಗ್ಗಟ್ಟಿನಿಂದ ತಟ್ಟೆ ತಂದು ಕೆರೆದು ಹಂಚಿಕೊಂಡರು.

ಸುಣ್ಣದ ಕೆಲಸ ಮುಂದಿನ ಭಾನುವಾರಕ್ಕೆ ಹೋಯಿತು. ಇದನ್ನು ಪ್ರಾಯೋಗಿಕ ಹಂತ ಎಂದು ಪರಿಗಣಿಸಬೇಕು ಅಂತ ಬಸವಲಿಂಗಪ್ಪನವರು ಶುರುಮಾಡುವಷ್ಟರಲ್ಲಿ ವೈಜಯಂತಿ ಗಂಡನ ದಿಂಬನ್ನು ಬೀಜಿಯ ಕೋಣೆಗೆಂದು ಕಿಶನ್ ಕೈಗೆ ಕೊಟ್ಟಾಗಿತ್ತು. ಬೀಜಿಯ ಕೋಣೆಯ ಗೋಡೆ ಮುಟ್ಟಿದರೆ ಕೈ ಚುರ್ ಎಂದಿತು. ಆ ಹಿರಿಜೀವ ಇದರೊಳಗೆ ಹೇಗೆ ದಿನ ತಳ್ಳಿತೋ ಎಂದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಸಂಜೆ ಬೆವರಿನಲ್ಲಿ ತೊಯ್ದು, ತಣ್ಣೀರು ಕೇಳಲು ಸ್ವಂತ ಮನೆಗೇ ಇಳಿದರು. ಎ.ಸಿ. ತಂಪಿನಲ್ಲಿ ಬೀಜಿ ಕಾಲು ಚಾಚಿ ಕೂತು, ಆಗಷ್ಟೇ ಕರಿದದ್ದನ್ನು ಕುರುಕುತ್ತಿದ್ದರು. ಇವರನ್ನು ಅಕ್ಕರೆಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದರು.

"ಬೇಟಾ, ನಿನ್ನ ತಾರಸಿ ಬಹುತ್ ಅಚ್ಛಾ" ಎಂದರು. "ಉಪ್ಪು ಮಾತ್ರ ಒಂಚೂರು ಜಾಸ್ತಿ."